ಸ್ವಂತ ಸರ್ವರ್‌ನಲ್ಲಿರುವ ವೆಬ್ ಅಪ್ಲಿಕೇಶನ್ ತೆರೆಯದಿದ್ದಾಗ ಎಲ್ಲಿಂದ ಹುಡುಕಬೇಕು?

ಬಿಲ್ಲಿಂಗ್, ದಾಸ್ತಾನು ಅಥವಾ ಗ್ರಾಹಕರ ವಿವರಗಳನ್ನು ನೋಡಿಕೊಳ್ಳುವ ವೆಬ್ ಅಪ್ಲಿಕೇಶನ್ ಒಂದನ್ನು ಸ್ವಂತ ಸರ್ವರ್‌ನಲ್ಲಿ ನಡೆಸುವ ಸಣ್ಣ ಉದ್ಯಮದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ‘ನಿನ್ನೆಯವರೆಗೂ ಸರಿಯಾಗಿತ್ತು, ಇವತ್ತು ತೆರೆಯುತ್ತಿಲ್ಲ, ಏನು ಮಾಡಲಿ?’ ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ನಾನು ಅನುಸರಿಸುವ ಕ್ರಮವನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಲಿನಕ್ಸ್ ಸರ್ವರ್, ಎಂಜಿನ್‌ಎಕ್ಸ್, ಡಾಕರ್ ಮತ್ತು ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್ ಡೇಟಾಬೇಸ್ ಇರುವ ಸಾಮಾನ್ಯ ಜೋಡಣೆಯನ್ನು ಗಮನದಲ್ಲಿಟ್ಟು ಬರೆದಿದ್ದೇನೆ. ನಿಮ್ಮಲ್ಲಿ ಬೇರೆ ತಂತ್ರಾಂಶವಿದ್ದರೂ ಹುಡುಕುವ ದಾರಿ ಇದೇ.

ಬಳಕೆದಾರರ ಬ್ರೌಸರ್‌ನಿಂದ ಹೊರಟ ಕೋರಿಕೆಯು ಮೊದಲು ಡಿಎನ್‌ಎಸ್‌ನಲ್ಲಿ ವಿಳಾಸ ಕೇಳಿಕೊಂಡು, ರೌಟರ್ ಮತ್ತು ಫೈರ್‌ವಾಲ್ ದಾಟಿ, ರಿವರ್ಸ್ ಪ್ರಾಕ್ಸಿಯನ್ನು ತಲುಪಿ, ಅಲ್ಲಿಂದ ಅಪ್ಲಿಕೇಶನ್‌ಗೆ ಹೋಗಿ, ಕೊನೆಯಲ್ಲಿ ಡೇಟಾಬೇಸ್‌ನಿಂದ ಉತ್ತರ ಪಡೆದು ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಡಿಎನ್‌ಎಸ್ ಎಂದರೆ ಹೆಸರನ್ನು ಐಪಿ ಸಂಖ್ಯೆಯಾಗಿ ಬದಲಿಸಿಕೊಡುವ ವ್ಯವಸ್ಥೆ. ರಿವರ್ಸ್ ಪ್ರಾಕ್ಸಿ ಎಂದರೆ ಹೊರಗಿನ ಕೋರಿಕೆಗಳನ್ನೆಲ್ಲ ಬಾಗಿಲಲ್ಲೇ ಬರಮಾಡಿಕೊಂಡು, ಒಳಗಿರುವ ಸರಿಯಾದ ಅಪ್ಲಿಕೇಶನ್‌ಗೆ ದಾಟಿಸುವ ತಂತ್ರಾಂಶ. ಎಂಜಿನ್‌ಎಕ್ಸ್ ಮಾಡುವುದು ಈ ಕೆಲಸವನ್ನೇ. ಕೋರಿಕೆ ಈ ದಾರಿಯ ಯಾವ ಜಾಗದಲ್ಲಿ ನಿಂತಿದೆ ಎಂಬುದನ್ನು ಪತ್ತೆ ಹಚ್ಚುವುದೇ ದುರಸ್ತಿಯ ಮುಕ್ಕಾಲು ಕೆಲಸ.

ಮೊದಲೇ ಸಿದ್ಧವಾಗಿರಬೇಕಾದವು

ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದಿಂದ ಸುರಕ್ಷಿತವಾಗಿ, ಪ್ರವೇಶಿಸುವ ಖಾತೆ ಮತ್ತು ಕೀಲಿ ನಿಮ್ಮ ಬಳಿ ಇರಬೇಕು. ಡೊಮೇನ್ ನೋಂದಣಿ ಖಾತೆಯ ಗುಪ್ತಪದವೂ, ಆಫೀಸಿನ ಜಾಲಕ್ಕೆ ಸೇರದ ಒಂದು ಮೊಬೈಲ್ ಡೇಟಾ ಸಂಪರ್ಕವೂ ಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಸರ್ವರ್‌ನಿಂದ ಹೊರಗೆ ಇಟ್ಟಿರುವ ಬ್ಯಾಕಪ್ ಒಂದು ಇರಬೇಕು. ಅದೇ ಡಿಸ್ಕಿನ ಇನ್ನೊಂದು ಫೋಲ್ಡರ್‌ನಲ್ಲಿರುವ ಪ್ರತಿಯನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಡಿಸ್ಕ್ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಂತ 1: ಮುಟ್ಟುವ ಮುನ್ನ ಬರೆದುಕೊಳ್ಳಿ

ಪರದೆಯ ಮೇಲೆ ಕಂಡ ದೋಷಸಂದೇಶವನ್ನು ಅಕ್ಷರ ಬಿಡದೆ ಬರೆದುಕೊಳ್ಳಿ, ಇಲ್ಲವೇ ಚಿತ್ರ ತೆಗೆದಿಡಿ. ಸಮಸ್ಯೆ ಶುರುವಾದ ಸಮಯವನ್ನು ನಿಮಿಷದ ಮಟ್ಟಿಗೆ ಗುರುತಿಸಿಕೊಳ್ಳಿ. ಮುಂದೆ ಲಾಗ್‌ಗಳಲ್ಲಿ, ಅಂದರೆ ತಂತ್ರಾಂಶಗಳು ತಮ್ಮ ಕೆಲಸದ ಬಗ್ಗೆ ಬರೆದಿಡುವ ದಾಖಲೆಗಳಲ್ಲಿ, ಹುಡುಕುವಾಗ ಈ ಒಂದು ಅಂಶದಿಂದ ಎಷ್ಟೋ ಹೊತ್ತು ಉಳಿಯುತ್ತದೆ. ಕಳೆದ ಎರಡು ಮೂರು ದಿನಗಳಲ್ಲಿ ಏನು ಬದಲಾಯಿತು ಎಂದು ಸಹೋದ್ಯೋಗಿಗಳನ್ನು ಕೇಳಿ: ಅಪ್‌ಡೇಟ್, ಹೊಸ ರೌಟರ್, ಬದಲಾದ ಗುಪ್ತಪದ, ಆಮದು ಮಾಡಿದ ದೊಡ್ಡ ಫೈಲ್. ‘ನಾವೇನೂ ಮಾಡಿಲ್ಲ’ ಎಂಬ ಉತ್ತರ ಬಂದರೂ ಸ್ವಯಂಚಾಲಿತ ಅಪ್‌ಡೇಟ್ ನಡೆದಿರಬಹುದು ಎಂಬುದನ್ನು ಮರೆಯಬೇಡಿ.

ಎಚ್ಚರಿಕೆ: ಸರ್ವರನ್ನು ಕೂಡಲೇ ಮರುಪ್ರಾರಂಭಿಸುವುದು ಬಹುಪಾಲು ಜನ ಮಾಡುವ ಮೊದಲ ತಪ್ಪು. ಅದರಿಂದ ಕೆಲವೊಮ್ಮೆ ಅಪ್ಲಿಕೇಶನ್ ಮತ್ತೆ ನಡೆಯುತ್ತದೆ, ನಿಜ. ಆದರೆ ಯಾವ ಪ್ರಕ್ರಿಯೆ ಎಷ್ಟು ಮೆಮೊರಿ ಹಿಡಿದಿತ್ತು, ಡೇಟಾಬೇಸ್‌ಗೆ ಎಷ್ಟು ಸಂಪರ್ಕಗಳು ತೆರೆದಿದ್ದವು ಎಂಬ ಸಾಕ್ಷ್ಯವೆಲ್ಲ ಅಳಿಸಿಹೋಗಿ, ಅದೇ ಸಮಸ್ಯೆ ಮುಂದಿನ ವಾರ ಮರಳಿ ಬಂದಾಗ ನೀವು ಮತ್ತೆ ಮೊದಲಿನ ಜಾಗದಲ್ಲೇ ನಿಂತಿರುತ್ತೀರಿ. 4ನೇ ಹಂತದ ಆಜ್ಞೆಗಳ ಉತ್ತರವನ್ನು ಒಂದು ಫೈಲ್‌ಗೆ ನಕಲಿಸಿಟ್ಟುಕೊಂಡ ಮೇಲೆ ಬೇಕಾದರೆ ಮರುಪ್ರಾರಂಭಿಸಿ.

ಹಂತ 2: ಯಾರಿಗೆ ತೆರೆಯುತ್ತಿಲ್ಲ ಎಂದು ನೋಡಿ

ಆಫೀಸಿನ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಪುಟವನ್ನು ತೆರೆದು ನೋಡಿ. ಒಬ್ಬರ ಕಂಪ್ಯೂಟರ್‌ನಲ್ಲಿ ಮಾತ್ರ ತೊಂದರೆಯಿದ್ದರೆ ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಹಳೆಯ ಕುಕಿ ಅಥವಾ ಬ್ರೌಸರ್ ಸಂಗ್ರಹದ ಕಾಟವಾಗಿದ್ದರೆ ಅಲ್ಲಿಗೆ ಮುಗಿಯಿತು.

ಒಳಗೆ ತೆರೆದು ಹೊರಗೆ ತೆರೆಯದಿದ್ದರೆ ಅಪ್ಲಿಕೇಶನ್ ಆರೋಗ್ಯವಾಗಿದೆ, ದಾರಿ ಮುಚ್ಚಿದೆ ಎಂದರ್ಥ. ಸರ್ವರ್ ಆಫೀಸಿನಲ್ಲೇ ಇದ್ದರೆ, ಅಂತರ್ಜಾಲ ಸೇವೆ ನೀಡುವವರು ನಿಮ್ಮ ಸಾರ್ವಜನಿಕ ಐಪಿಯನ್ನು ಬದಲಿಸಿರಬಹುದು. ಡೊಮೇನ್ ಇನ್ನೂ ಹಳೆಯ ಸಂಖ್ಯೆಯನ್ನೇ ತೋರಿಸುತ್ತಿರುತ್ತದೆ. ರೌಟರ್‌ನ ಹೊರಮುಖದ ಐಪಿ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ, ಸೇವೆ ನೀಡುವವರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತಿದ್ದಾರೆ ಎಂದು ತಿಳಿಯಿರಿ. ಆಗ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನ ಕೋರಿಕೆಯನ್ನು ಒಳಗಿನ ಯಂತ್ರಕ್ಕೆ ತಿರುಗಿಸುವ ರೌಟರ್ ವ್ಯವಸ್ಥೆ, ಎಷ್ಟು ಸರಿಯಾಗಿ ಹೊಂದಿಸಿದರೂ ಫಲವಿಲ್ಲ. ಸ್ಥಿರ ಸಾರ್ವಜನಿಕ ಐಪಿ ಕೇಳಬೇಕು, ಇಲ್ಲವೇ ಟನಲ್ ಸೇವೆ, ಅಂದರೆ ಹೊರಗಿನ ಇನ್ನೊಂದು ಸರ್ವರ್ ಮೂಲಕ ಕೋರಿಕೆಗಳನ್ನು ಒಳಗೆ ತಲುಪಿಸುವ ಸೇವೆ, ಬಳಸಬೇಕು.

ಹೊರಗೆ ತೆರೆದು ಆಫೀಸಿನೊಳಗೆ ಮಾತ್ರ ತೆರೆಯದಿರುವುದೂ ಉಂಟು. ಒಳಗಿನಿಂದಲೇ ತನ್ನ ಸಾರ್ವಜನಿಕ ವಿಳಾಸಕ್ಕೆ ಬಂದ ಕೋರಿಕೆಯನ್ನು ಕೆಲವು ರೌಟರ್‌ಗಳು ವಾಪಸ್ ಒಳಗೆ ತಿರುಗಿಸುವುದಿಲ್ಲ. ಆಫೀಸಿನ ಡಿಎನ್‌ಎಸ್‌ನಲ್ಲಿ ಆ ಹೆಸರಿಗೆ ಸರ್ವರ್‌ನ ಒಳಗಿನ ಐಪಿಯನ್ನು ಕೊಟ್ಟರೆ ಇದು ಬಗೆಹರಿಯುತ್ತದೆ.

ಡಿಎನ್‌ಎಸ್ ದಾಖಲೆಯನ್ನು ತಿದ್ದಿದ ಮೇಲೆ ತಾಳ್ಮೆ ಬೇಕು. ದಾಖಲೆಯ ಟಿಟಿಎಲ್, ಅಂದರೆ ಹಳೆಯ ಉತ್ತರವನ್ನು ಇತರರು ನೆನಪಿಟ್ಟುಕೊಳ್ಳಬಹುದಾದ ಅವಧಿ, 3600 ಎಂದಿದ್ದರೆ ಒಂದು ಗಂಟೆಯವರೆಗೆ ಹಳೆಯ ವಿಳಾಸವೇ ಕಾಣಿಸಬಹುದು. ಆ ಗಂಟೆಯೊಳಗೆ ಮತ್ತೆ ಮತ್ತೆ ತಿದ್ದಿದರೆ ಗೊಂದಲ ಹೆಚ್ಚುತ್ತದೆಯೇ ಹೊರತು ಬೇಗ ಸರಿಯಾಗುವುದಿಲ್ಲ.

ಹಂತ 3: ದೋಷದ ಸಂಖ್ಯೆ ಏನು ಹೇಳುತ್ತಿದೆ?

‘ಕರ್ಲ್ -ವಿ’ ಎಂದು ಬರೆದು ಮುಂದೆ ನಿಮ್ಮ ವಿಳಾಸ ಕೊಟ್ಟರೆ, ಬ್ರೌಸರ್‌ನ ಅಲಂಕಾರಗಳಿಲ್ಲದೆ ಸರ್ವರ್ ಕೊಟ್ಟ ಉತ್ತರವಷ್ಟೇ ಕಾಣುತ್ತದೆ. ಯಾವ ಸಂಖ್ಯೆಯೂ ಬರದೆ ಬಹಳ ಹೊತ್ತು ಕಾದು ಸಂಪರ್ಕ ಕಡಿದರೆ, ಹೆಚ್ಚಿನ ಸಲ ಫೈರ್‌ವಾಲ್ ತಡೆದಿರುತ್ತದೆ ಅಥವಾ ಐಪಿ ತಪ್ಪಾಗಿರುತ್ತದೆ. ಕೂಡಲೇ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದರೆ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟ್‌ನಲ್ಲಿ, ಅಂದರೆ ಯಂತ್ರದ ಆ ಸಂಖ್ಯೆಯ ಬಾಗಿಲಲ್ಲಿ, ಕೇಳಿಸಿಕೊಳ್ಳುವವರು ಯಾರೂ ಇಲ್ಲ.

502 ಬಂದರೆ ಪ್ರಾಕ್ಸಿ ಬದುಕಿದೆ, ಅದರ ಹಿಂದಿನ ಅಪ್ಲಿಕೇಶನ್ ಸರಿಯಾದ ಉತ್ತರ ಕೊಡುತ್ತಿಲ್ಲ. 504 ಬಂದರೆ ಅಪ್ಲಿಕೇಶನ್ ಹೊತ್ತಿಗೆ ಸರಿಯಾಗಿ ಉತ್ತರಿಸಿಲ್ಲ; ಎಂಜಿನ್‌ಎಕ್ಸ್ ತಾನಾಗಿ ಕಾಯುವುದು 60 ಸೆಕೆಂಡು. 500 ಎಂಬುದು ಸಾಮಾನ್ಯವಾಗಿ ಅಪ್ಲಿಕೇಶನ್ ಒಳಗಿನ ದೋಷ, ಅದರ ಕಾರಣ ಲಾಗ್‌ನಲ್ಲೇ ಸಿಗಬೇಕು. ಚಿಕ್ಕ ಫೈಲ್‌ಗಳು ಹೋಗಿ ದೊಡ್ಡ ಪಿಡಿಎಫ್ ಹಾಕಿದಾಗ ಮಾತ್ರ 413 ಬರುತ್ತಿದ್ದರೆ ಅದು ಕೆಟ್ಟಿರುವುದಲ್ಲ: ಎಂಜಿನ್‌ಎಕ್ಸ್‌ನ ಮೂಲ ಮಿತಿ 1 ಎಂಬಿ ಆಗಿದ್ದು, ಸಂರಚನೆಯಲ್ಲಿ (ಕಾನ್ಫಿಗರೇಶನ್ ಫೈಲ್‌ನಲ್ಲಿ) ಅದನ್ನು ಹೆಚ್ಚಿಸಿದರೆ ಸಾಕು.

504 ಬಂದಾಗ ಕಾಯುವ ಅವಧಿಯನ್ನು 60ರಿಂದ 600ಕ್ಕೆ ಏರಿಸಿ ಸುಮ್ಮನಾಗುವವರನ್ನು ತುಂಬಾ ನೋಡಿದ್ದೇನೆ. ವರದಿಯೊಂದು ನಿಧಾನವಾಗಿರುವುದಕ್ಕೆ ಕಾರಣ ಡೇಟಾಬೇಸ್‌ನಲ್ಲಿ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಇಲ್ಲದಿರುವುದಾದರೆ, ಕಾಯುವ ಅವಧಿ ಹೆಚ್ಚಿಸಿದಾಗ ಅಂಥ ನಿಧಾನದ ಕೋರಿಕೆಗಳು ಒಂದರ ಮೇಲೊಂದು ಪೇರಿಕೊಂಡು ಇಡೀ ಅಪ್ಲಿಕೇಶನ್ನನ್ನೇ ನಿಲ್ಲಿಸುತ್ತವೆ.

ಹಂತ 4: ಡಿಸ್ಕ್ ಮತ್ತು ಮೆಮೊರಿ

ಈ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ. ‘ಡಿಎಫ್ -ಎಚ್’ ಎಂದು ಕೊಟ್ಟು, ಯಾವ ಸಾಲಿನಲ್ಲಾದರೂ ಬಳಕೆ ಶೇ. 100 ತಲುಪಿದೆಯೇ ನೋಡಿ. ಡಿಸ್ಕ್ ತುಂಬಿದಾಗ ಬರುವ ಲಕ್ಷಣಗಳು ಡಿಸ್ಕಿಗೆ ಸಂಬಂಧವೇ ಇಲ್ಲದಂತೆ ಕಾಣುತ್ತವೆ. ನಾನು ಕಂಡ ಒಂದು ಪ್ರಸಂಗದಲ್ಲಿ ಲಾಗಿನ್ ಪುಟ ಬರುತ್ತಿತ್ತು, ಹಳೆಯ ಬಿಲ್‌ಗಳೆಲ್ಲ ಕಾಣುತ್ತಿದ್ದವು, ಹೊಸ ಬಿಲ್ ಉಳಿಸಲು ಒತ್ತಿದರೆ ಮಾತ್ರ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಆ ಆಫೀಸಿನವರು ಎರಡು ದಿನ ಬ್ರೌಸರ್ ಬದಲಿಸಿ, ಗುಪ್ತಪದ ಬದಲಿಸಿ ಬಳಲಿದ್ದರು. ಲಾಗ್‌ನ ಕೊನೆಯ ಸಾಲಿನಲ್ಲಿ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ಸ್ಪಷ್ಟವಾಗಿ ಬರೆದಿತ್ತು. ಓದುವುದಕ್ಕೆ ಜಾಗವಿತ್ತು, ಬರೆಯುವುದಕ್ಕೆ ಇರಲಿಲ್ಲ.

ಡಾಕರ್ ಬಳಸುವಲ್ಲಿ ಮೊದಲ ಅನುಮಾನ ಕಂಟೇನರ್‌ಗಳ ಲಾಗ್ ಮೇಲೆ ಇರಲಿ. ಕಂಟೇನರ್ ಎಂದರೆ ಅಪ್ಲಿಕೇಶನ್ನನ್ನು ಅದಕ್ಕೆ ಬೇಕಾದ ಎಲ್ಲ ಕಡತಗಳ ಸಮೇತ ಕಟ್ಟಿ ಪ್ರತ್ಯೇಕವಾಗಿ ನಡೆಸುವ ಪೊಟ್ಟಣ; ಡಾಕರ್ ಅಂಥ ಪೊಟ್ಟಣಗಳನ್ನು ನಡೆಸುವ ತಂತ್ರಾಂಶ. ಡಾಕರ್‌ನ ಮೂಲ ವ್ಯವಸ್ಥೆಯಲ್ಲಿ ಇದರ ಲಾಗ್‌ಗೆ ಗಾತ್ರದ ಮಿತಿಯೇ ಇಲ್ಲ. ನೀವು ಹೇಳುವವರೆಗೂ ಅದು ಬೆಳೆಯುತ್ತಲೇ ಹೋಗುತ್ತದೆ. ‘ಮ್ಯಾಕ್ಸ್-ಸೈಜ್’ ಮತ್ತು ‘ಮ್ಯಾಕ್ಸ್-ಫೈಲ್’ ಎಂಬ ಎರಡು ಆಯ್ಕೆಗಳಿಂದ ಮಿತಿ ಹಾಕಿ. ಆ ಮಿತಿ ಹೊಸದಾಗಿ ಸೃಷ್ಟಿಯಾದ ಕಂಟೇನರ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಹಾಗಾಗಿ ಹಳೆಯದನ್ನು ಮರುಸೃಷ್ಟಿಸಬೇಕು.

‘ಡಿಎಫ್ -ಎಚ್’ ಪ್ರಕಾರ ಜಾಗವಿದ್ದೂ ಅದೇ ದೋಷ ಬಂದರೆ ‘ಡಿಎಫ್ -ಐ’ ಕೊಟ್ಟು ನೋಡಿ. ಪ್ರತಿ ಫೈಲ್‌ಗೂ ಐನೋಡ್ ಎಂಬ ಒಂದು ನೋಂದಣಿ ಬೇಕು. ಲಕ್ಷಗಟ್ಟಲೆ ಪುಟ್ಟ ಸೆಷನ್ ಫೈಲ್‌ಗಳು ಸೇರಿಕೊಂಡಾಗ ಜಾಗ ಉಳಿದಿದ್ದರೂ ಈ ನೋಂದಣಿಗಳು ಮುಗಿದುಹೋಗಿರುತ್ತವೆ. ಇನ್ನೊಂದು ಗೊಂದಲವೂ ಸಾಮಾನ್ಯ: ದೊಡ್ಡ ಲಾಗ್ ಫೈಲ್ ಅಳಿಸಿದರೂ ಜಾಗ ಹಿಂದಿರುಗುವುದಿಲ್ಲ. ಯಾವುದೋ ಪ್ರಕ್ರಿಯೆ ಆ ಫೈಲ್ ಅನ್ನು ಇನ್ನೂ ತೆರೆದು ಹಿಡಿದಿರುವುದೇ ಇದಕ್ಕೆ ಕಾರಣ. ಆ ಪ್ರಕ್ರಿಯೆಯನ್ನು ಮರುಪ್ರಾರಂಭಿಸಿದ ಕೂಡಲೇ ಜಾಗ ಬಿಡುಗಡೆಯಾಗುತ್ತದೆ.

ಎಚ್ಚರಿಕೆ: ಜಾಗ ಮಾಡಿಕೊಳ್ಳುವ ಅವಸರದಲ್ಲಿ ಡೇಟಾಬೇಸ್‌ನ ಫೋಲ್ಡರ್‌ನೊಳಗೆ ಏನನ್ನೂ ಕೈಯಾರೆ ಅಳಿಸಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ_ಎಕ್ಸ್‌ಲಾಗ್’ ಎಂಬ ಫೋಲ್ಡರ್ ಇತ್ತು. ಹೆಸರಿನಲ್ಲಿ ಲಾಗ್ ಎಂದಿದ್ದುದರಿಂದ ಬೇಡದ ದಾಖಲೆಯೆಂದು ತಿಳಿದು ಅಳಿಸಿ ಡೇಟಾಬೇಸನ್ನೇ ಕಳೆದುಕೊಂಡವರಿದ್ದರು. ಅದಕ್ಕಾಗಿಯೇ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಅದರ ಹೆಸರನ್ನು ‘ಪಿಜಿ_ವಾಲ್’ ಎಂದು ಬದಲಿಸಿದರು. ಹಾಗೆಯೇ ‘ಡಾಕರ್ ಕಂಪೋಸ್ ಡೌನ್’ ಎಂಬ ಆಜ್ಞೆಯ ಕೊನೆಗೆ ‘-ವಿ’ ಸೇರಿಸಿದರೆ ವಾಲ್ಯೂಮ್‌ಗಳು, ಅಂದರೆ ನಿಮ್ಮ ನಿಜವಾದ ಮಾಹಿತಿ ಇರುವ ಸಂಗ್ರಹ, ಅಳಿಸಿಹೋಗುತ್ತವೆ. ಯಾರೋ ಬರೆದಿಟ್ಟ ಪರಿಹಾರವನ್ನು ನಕಲಿಸುವಾಗ ಈ ಒಂದು ಅಕ್ಷರವನ್ನು ಕಣ್ಣಿಟ್ಟು ನೋಡಿ.

ಮೆಮೊರಿಗೆ ‘ಫ್ರೀ -ಎಚ್’ ಸಾಕು. ‘ಫ್ರೀ’ ಎಂಬ ಕಂಬಸಾಲು ಕಡಿಮೆ ತೋರಿಸಿದರೆ ಗಾಬರಿಯಾಗಬೇಡಿ, ಖಾಲಿ ಮೆಮೊರಿಯನ್ನು ಲಿನಕ್ಸ್ ಡಿಸ್ಕಿನ ಸಂಗ್ರಹಕ್ಕೆ ಬಳಸಿಕೊಳ್ಳುತ್ತದೆ. ನೋಡಬೇಕಾದದ್ದು ‘ಅವೈಲಬಲ್’ ಕಂಬಸಾಲು. ಮೆಮೊರಿ ಪೂರ್ತಿ ಮುಗಿದಾಗ ಲಿನಕ್ಸ್ ತಾನೇ ಒಂದು ಪ್ರಕ್ರಿಯೆಯನ್ನು ಆರಿಸಿ ಕೊಲ್ಲುತ್ತದೆ, ಮತ್ತು ಹೆಚ್ಚು ಮೆಮೊರಿ ಹಿಡಿದಿರುವ ಡೇಟಾಬೇಸೇ ಅದಕ್ಕೆ ಬಲಿಯಾಗುವುದು ಅಪರೂಪವಲ್ಲ. ಕಂಟೇನರ್ 137 ಎಂಬ ಸಂಖ್ಯೆಯೊಂದಿಗೆ ನಿಂತಿದ್ದರೆ ಅದನ್ನು ಬಲವಂತವಾಗಿ ಕೊಲ್ಲಲಾಗಿದೆ. ಕಾರಣ ಮೆಮೊರಿಯೇ ಎಂದು ಖಚಿತಪಡಿಸಿಕೊಳ್ಳಲು ‘ಡಿಮೆಸೇಜ್’ ಆಜ್ಞೆಯ ಉತ್ತರದಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲನ್ನು ಹುಡುಕಿ. ಈ ಆಜ್ಞೆಯ ಹೆಸರನ್ನು ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರಗಳಲ್ಲಿ ಬರೆಯಬೇಕು.

ಹಂತ 5: ಪ್ರಾಕ್ಸಿಗೂ ಅಪ್ಲಿಕೇಶನ್‌ಗೂ ನಡುವೆ

502 ಬಂದಿದ್ದರೆ ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕು. ‘ಡಾಕರ್ ಪಿಎಸ್ -ಎ’ ಕೊಟ್ಟರೆ ಕಂಟೇನರ್ ನಡೆಯುತ್ತಿದೆಯೇ, ನಿಂತಿದೆಯೇ, ಅಥವಾ ಬಿದ್ದು ಎದ್ದು ಮತ್ತೆ ಬೀಳುತ್ತಿದೆಯೇ ಎಂಬುದು ಕಾಣುತ್ತದೆ. ಡಾಕರ್ ಇಲ್ಲದಿದ್ದರೆ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಎಂದು ಬರೆದು ಮುಂದೆ ಸೇವೆಯ ಹೆಸರು ಕೊಡಿ. ಬಳಿಕ ‘ಎಸ್‌ಎಸ್ -ಟಿಎಲ್‌ಎನ್‌ಪಿ’ ಕೊಟ್ಟು, ಯಾವ ಪ್ರಕ್ರಿಯೆ ಯಾವ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುತ್ತಿದೆ ಎಂದು ಓದಿ, ಎಂಜಿನ್‌ಎಕ್ಸ್ ಸಂರಚನೆಯಲ್ಲಿರುವ ಪೋರ್ಟ್ ಸಂಖ್ಯೆಯೊಂದಿಗೆ ಹೋಲಿಸಿ. ಅಪ್‌ಡೇಟ್ ಆದ ಮೇಲೆ ಅಪ್ಲಿಕೇಶನ್‌ನ ಪೋರ್ಟ್ ಬದಲಾಗಿ, ಪ್ರಾಕ್ಸಿ ಹಳೆಯ ಸಂಖ್ಯೆಯನ್ನೇ ತಟ್ಟುತ್ತಿರುವುದು ಆಗಾಗ ಕಾಣುವ ತಪ್ಪು.

127.0.0.1 ಎಂಬ ವಿಳಾಸದ ಅರ್ಥ ‘ಈ ಯಂತ್ರವೇ’ ಎಂದು. ಆದರೆ ಕಂಟೇನರ್‌ನೊಳಗೆ ಅದರ ಅರ್ಥ ‘ಈ ಕಂಟೇನರ್ ಮಾತ್ರ’ ಎಂದಾಗುತ್ತದೆ. ಅಪ್ಲಿಕೇಶನ್ ಒಂದು ಕಂಟೇನರ್‌ನಲ್ಲಿಯೂ ಡೇಟಾಬೇಸ್ ಇನ್ನೊಂದರಲ್ಲಿಯೂ ಇದ್ದಾಗ ಡೇಟಾಬೇಸ್‌ನ ವಿಳಾಸವಾಗಿ 127.0.0.1 ಅಥವಾ ಲೋಕಲ್‌ಹೋಸ್ಟ್ ಎಂದು ಕೊಟ್ಟರೆ ಸಂಪರ್ಕ ಎಂದಿಗೂ ಆಗದು. ಕಂಪೋಸ್ ಫೈಲ್‌ನಲ್ಲಿ, ಅಂದರೆ ಕಂಟೇನರ್‌ಗಳ ಜೋಡಣೆಯನ್ನು ಬರೆದಿಡುವ ಫೈಲ್‌ನಲ್ಲಿ, ಇರುವ ಸೇವೆಯ ಹೆಸರನ್ನೇ ಕೊಡಬೇಕು.

ಸಂರಚನೆ ತಿದ್ದಿದ ಪ್ರತಿ ಸಲವೂ ‘ಎಂಜಿನ್‌ಎಕ್ಸ್ -ಟಿ’ ಕೊಟ್ಟು ಪರೀಕ್ಷಿಸಿ, ಆಮೇಲೆ ರೀಲೋಡ್ ಮಾಡಿ. ಇದೇ ಹೊತ್ತಿಗೆ ಇನ್ನೊಂದನ್ನೂ ನೋಡಿಬಿಡಿ: ಡಾಕರ್ ಹೊರಕ್ಕೆ ತೆರೆದ ಪೋರ್ಟ್‌ಗಳು ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್‌ನ ನಿಯಮಗಳನ್ನು ದಾಟಿಹೋಗುತ್ತವೆ. ಫೈರ್‌ವಾಲ್ ಮುಚ್ಚಿದೆ ಎಂದು ತೋರಿಸುತ್ತಿದ್ದರೂ ಡೇಟಾಬೇಸ್‌ನ 5432 ಅಥವಾ 3306 ಪೋರ್ಟ್ ಜಗತ್ತಿಗೆಲ್ಲ ತೆರೆದಿರಬಹುದು. ಡೇಟಾಬೇಸ್ ಸೇವೆಯ ಕೆಳಗೆ ಪೋರ್ಟ್ ಪ್ರಕಟಿಸುವ ಸಾಲು ಇದ್ದರೆ, ಅಗತ್ಯವಿಲ್ಲದಿದ್ದಲ್ಲಿ ತೆಗೆದುಹಾಕಿ.

ಹಂತ 6: ಲಾಗ್ ಓದುವ ಬಗೆ

‘ಡಾಕರ್ ಲಾಗ್ಸ್ --ಟೇಲ್ 200’ ಅಥವಾ ‘ಜರ್ನಲ್‌ಸಿಟಿಎಲ್ -ಯು’ ಎಂದು ಬರೆದು ಮುಂದೆ ಹೆಸರು ಕೊಟ್ಟರೆ ಲಾಗ್ ಸಿಗುತ್ತದೆ. ಉದ್ದನೆಯ ದೋಷಪಟ್ಟಿಯ ಕೊನೆಯ ಸಾಲನ್ನು ಮಾತ್ರ ಓದಿ ತೀರ್ಮಾನಕ್ಕೆ ಬರಬೇಡಿ. 1ನೇ ಹಂತದಲ್ಲಿ ಬರೆದುಕೊಂಡ ಸಮಯಕ್ಕೆ ಹೋಗಿ, ಆ ನಿಮಿಷದಲ್ಲಿ ಕಾಣಿಸಿಕೊಂಡ ಮೊಟ್ಟಮೊದಲ ದೋಷವನ್ನು ಹುಡುಕಿ. ಅನಂತರದ ನೂರಾರು ಸಾಲುಗಳು ಬಹುತೇಕ ಅದರ ಪರಿಣಾಮಗಳೇ ಆಗಿರುತ್ತವೆ. ಸರ್ವರ್‌ನ ಗಡಿಯಾರ ಯುಟಿಸಿ ಸಮಯದಲ್ಲಿದ್ದರೆ ನಿಮ್ಮ ಸ್ಥಳೀಯ ಸಮಯದೊಂದಿಗಿನ ವ್ಯತ್ಯಾಸವನ್ನು ಲೆಕ್ಕಹಾಕಿಕೊಳ್ಳಬೇಕು.

‘ಪರ್ಮಿಷನ್ ಡಿನೈಡ್’ ಎಂದು ಕಂಡರೆ ಫೋಲ್ಡರ್‌ಗೆ 777 ಅನುಮತಿ ಕೊಟ್ಟು ಕೈತೊಳೆದುಕೊಳ್ಳಬೇಡಿ, ಅದು ಆ ಯಂತ್ರದ ಎಲ್ಲರಿಗೂ ಬರೆಯುವ ಹಕ್ಕು ಕೊಟ್ಟಂತೆ. ಅಪ್ಲಿಕೇಶನ್ ಯಾವ ಬಳಕೆದಾರನ ಹೆಸರಿನಲ್ಲಿ ನಡೆಯುತ್ತಿದೆಯೋ ಆ ಬಳಕೆದಾರನಿಗೆ ಮಾತ್ರ ಫೋಲ್ಡರ್‌ನ ಒಡೆತನ ಕೊಡಿ. ಬೇರೆಯವರಿಂದ ಸಹಾಯ ಪಡೆಯಲು ಲಾಗ್ ಕಳುಹಿಸುವಾಗ ಅದರಲ್ಲಿರುವ ಗುಪ್ತಪದ, ಟೋಕನ್ ಮತ್ತು ಗ್ರಾಹಕರ ವಿವರಗಳನ್ನು ಮೊದಲು ಅಳಿಸಿ.

ಹಂತ 7: ಡೇಟಾಬೇಸ್

ಇಲ್ಲಿಯವರೆಗಿನ ಬಹುಪಾಲು ತಪ್ಪುಗಳನ್ನು ತಿದ್ದಿಕೊಳ್ಳಬಹುದು, ಇಲ್ಲಿನ ತಪ್ಪನ್ನು ತಿದ್ದಲಾಗದು. ಆದ್ದರಿಂದ ಏನು ಮಾಡುವುದಕ್ಕೂ ಮೊದಲು ಪೋಸ್ಟ್‌ಗ್ರೆಸ್ ಆದರೆ ‘ಪಿಜಿ_ಡಂಪ್’, ಮೈಎಸ್‌ಕ್ಯುಎಲ್ ಆದರೆ ‘ಮೈಎಸ್‌ಕ್ಯುಎಲ್‌ಡಂಪ್’ ಬಳಸಿ ಪೂರ್ತಿ ಪ್ರತಿ ತೆಗೆದು, ಬೇರೆ ಯಂತ್ರಕ್ಕೆ ಸಾಗಿಸಿ. ಡೇಟಾಬೇಸ್ ಏಳುತ್ತಲೇ ಇಲ್ಲದಿದ್ದರೆ ಅದನ್ನು ಪೂರ್ತಿ ನಿಲ್ಲಿಸಿ ಇಡೀ ಫೋಲ್ಡರ್ ನಕಲಿಸಿ. ಜೊತೆಗೆ, ಬಳಕೆದಾರರು ಏರಿಸಿದ ಫೈಲ್‌ಗಳನ್ನೂ ಗುಪ್ತಕೀಲಿ ಇರುವ ಸಂರಚನಾ ಫೈಲನ್ನೂ ತೆಗೆದಿಡಿ. ಕೆಲವು ಅಪ್ಲಿಕೇಶನ್‌ಗಳು ಮಾಹಿತಿಯ ಒಂದು ಭಾಗವನ್ನು ಆ ಕೀಲಿಯಿಂದಲೇ ಗೂಢಲಿಪಿಗೆ ತಿರುಗಿಸಿ ಇಟ್ಟಿರುವುದರಿಂದ, ಕೀಲಿ ಕಳೆದರೆ ಡೇಟಾಬೇಸ್ ಇದ್ದರೂ ಆ ಭಾಗ ತೆರೆಯದು.

‘ಟೂ ಮೆನಿ ಕನೆಕ್ಷನ್ಸ್’ ಅಥವಾ ‘ಟೂ ಮೆನಿ ಕ್ಲೈಂಟ್ಸ್’ ಎಂಬ ದೋಷ ಬಂದರೆ ಸಂಪರ್ಕಗಳ ಮಿತಿ ಮುಗಿದಿದೆ. ಈ ಮಿತಿ ಪೋಸ್ಟ್‌ಗ್ರೆಸ್‌ನಲ್ಲಿ ಮೂಲತಃ 100, ಮೈಎಸ್‌ಕ್ಯುಎಲ್‌ನಲ್ಲಿ 151. ಹತ್ತಿಪ್ಪತ್ತು ಜನ ಬಳಸುವ ಅಪ್ಲಿಕೇಶನ್‌ಗೆ ಇದು ಸಾಕಾಗುತ್ತಿಲ್ಲವೆಂದರೆ, ತೆರೆದ ಸಂಪರ್ಕಗಳನ್ನು ಮುಚ್ಚದೆ ಬಿಡುವ ದೋಷ ಅಪ್ಲಿಕೇಶನ್‌ನಲ್ಲಿಯೋ ಅದರ ಹಿನ್ನೆಲೆ ಕೆಲಸಗಳಲ್ಲಿಯೋ ಇದೆ ಎಂದು ಅನುಮಾನಿಸಬೇಕು. ಮಿತಿಯನ್ನು ಮಾತ್ರ ಏರಿಸಿದರೆ ಮೆಮೊರಿ ಮುಗಿಯುವ ದಿನ ಹತ್ತಿರವಾಗುತ್ತದೆ, ಅಷ್ಟೇ.

‘ಡೇಟಾಬೇಸ್ ಫೈಲ್ಸ್ ಆರ್ ಇನ್‌ಕಂಪ್ಯಾಟಿಬಲ್ ವಿತ್ ಸರ್ವರ್’ ಎಂಬ ಸಾಲು ಕಂಡವರು ಎಲ್ಲವೂ ಹೋಯಿತೆಂದು ಕಂಗಾಲಾಗುತ್ತಾರೆ. ಏನೂ ಹೋಗಿರುವುದಿಲ್ಲ. ಕಂಪೋಸ್ ಫೈಲ್‌ನಲ್ಲಿ ಪೋಸ್ಟ್‌ಗ್ರೆಸ್‌ನ ಆವೃತ್ತಿ ಸಂಖ್ಯೆ ಬರೆಯದೆ ‘ಲೇಟೆಸ್ಟ್’ ಎಂದಿಟ್ಟಿದ್ದರಿಂದ ಹೊಸ ಮುಖ್ಯ ಆವೃತ್ತಿ ಬಂದಿದೆ, ಅದು ಹಳೆಯ ಆವೃತ್ತಿಯ ಫೈಲ್‌ಗಳನ್ನು ತೆರೆಯಲು ಒಪ್ಪುತ್ತಿಲ್ಲ. ಹಳೆಯ ಸಂಖ್ಯೆಯನ್ನು ಸ್ಪಷ್ಟವಾಗಿ ಬರೆದು ಮತ್ತೆ ಎಬ್ಬಿಸಿದರೆ ಮಾಹಿತಿ ಇದ್ದಲ್ಲೇ ಇರುತ್ತದೆ. ಆಮೇಲೆ ನಿಧಾನವಾಗಿ ಡಂಪ್ ತೆಗೆದು ಹೊಸ ಆವೃತ್ತಿಗೆ ಸಾಗಿಸಿ.

ಹಂತ 8: ಪ್ರಮಾಣಪತ್ರ, ಗಡಿಯಾರ, ಇಮೇಲ್

ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ತಡೆದರೆ ಟಿಎಲ್‌ಎಸ್ ಪ್ರಮಾಣಪತ್ರದ, ಅಂದರೆ ಬ್ರೌಸರ್‌ಗೆ ಸರ್ವರ್‌ನ ಗುರುತನ್ನು ಖಚಿತಪಡಿಸುವ ಪತ್ರದ, ಅವಧಿ ನೋಡಿ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರ ಸಾಮಾನ್ಯವಾಗಿ 90 ದಿನಗಳದ್ದು, ಮತ್ತು ಅವಧಿ ಮುಗಿಯುತ್ತಿದೆ ಎಂದು ಎಚ್ಚರಿಸುವ ಇಮೇಲ್‌ಗಳನ್ನು ಆ ಸಂಸ್ಥೆ 2025ರ ಜೂನ್‌ನಿಂದ ನಿಲ್ಲಿಸಿದೆ. ಸಾರ್ವಜನಿಕ ಪ್ರಮಾಣಪತ್ರಗಳ ಗರಿಷ್ಠ ಅವಧಿಯೂ 2029ರ ಮಾರ್ಚ್ ಹೊತ್ತಿಗೆ 47 ದಿನಗಳಿಗೆ ಇಳಿಯಲಿರುವುದರಿಂದ, ಕೈಯಾರೆ ನವೀಕರಿಸುವ ಪದ್ಧತಿಯನ್ನು ಈಗಲೇ ಬಿಡುವುದು ಒಳ್ಳೆಯದು. ನವೀಕರಣ ಸೋಲುವುದಕ್ಕೆ ಆಗಾಗ ಕಾಣುವ ಕಾರಣ, ಯಾರೋ ಭದ್ರತೆಗೆಂದು 80ನೇ ಪೋರ್ಟ್ ಮುಚ್ಚಿರುವುದು. ಡೊಮೇನ್ ನಿಮ್ಮದೇ ಎಂದು ಪರಿಶೀಲಿಸುವ ಸಾಮಾನ್ಯ ವಿಧಾನಕ್ಕೆ ಅದೇ ಪೋರ್ಟ್ ಬೇಕು. ಪ್ರಮಾಣಪತ್ರ ಹೊಸದಾಗಿದ್ದರೂ ಹಳೆಯದೇ ಕಾಣುತ್ತಿದ್ದರೆ ಎಂಜಿನ್‌ಎಕ್ಸ್ ರೀಲೋಡ್ ಆಗಿರುವುದಿಲ್ಲ. ನವೀಕರಣಕ್ಕೆ ಸರ್ಟ್‌ಬಾಟ್ ತಂತ್ರಾಂಶ ಬಳಸುತ್ತಿದ್ದರೆ, ಪ್ರಯತ್ನಿಸುವಾಗ ‘ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್’ ಎಂಬ ತಾಲೀಮಿನ ಆಜ್ಞೆ ಬಳಸಿ, ಏಕೆಂದರೆ ನಿಜವಾದ ಪರಿಶೀಲನೆ ಒಂದು ಹೆಸರಿಗೆ ಗಂಟೆಯಲ್ಲಿ 5 ಸಲ ಸೋತರೆ ಕೆಲಕಾಲ ತಡೆ ಬೀಳುತ್ತದೆ.

ಗುಪ್ತಪದ ಸರಿಯಿದ್ದೂ ಲಾಗಿನ್‌ನ ಎರಡನೇ ಹಂತದಲ್ಲಿ ಕೊಡುವ ಆರಂಕಿಯ ಸಂಖ್ಯೆ ಎಲ್ಲರಿಗೂ ತಪ್ಪೆಂದು ಬಂದರೆ ಸರ್ವರ್‌ನ ಗಡಿಯಾರ ನೋಡಿ. ಆ ಸಂಖ್ಯೆ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವುದರಿಂದ ಕೆಲವು ನಿಮಿಷಗಳ ವ್ಯತ್ಯಾಸವೂ ಬಾಗಿಲು ಮುಚ್ಚಿಸುತ್ತದೆ. ಇಮೇಲ್ ಹೋಗುತ್ತಿಲ್ಲವೆಂದಾದರೆ 25ನೇ ಪೋರ್ಟ್ ಬಿಟ್ಟು 587 ಬಳಸಿ. ಹೊರಹೋಗುವ 25ನ್ನು ಅನೇಕ ಸರ್ವರ್ ಸೇವೆಗಳು ತಡೆಹಿಡಿದಿರುತ್ತವೆ.

ಹಂತ 9: ತಿದ್ದುವಾಗ ಮತ್ತು ತಿದ್ದಿದ ಮೇಲೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರೀಕ್ಷಿಸಿ, ಫಲವಾಗದಿದ್ದರೆ ಮೊದಲಿದ್ದಂತೆ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗಿ. ನಾಲ್ಕನ್ನು ಒಟ್ಟಿಗೆ ಬದಲಿಸಿದಾಗ ಸರಿಯಾದದ್ದು ಯಾವುದರಿಂದ ಎಂಬುದೂ ತಿಳಿಯುವುದಿಲ್ಲ, ಉಳಿದ ಮೂರು ಬದಲಾವಣೆಗಳು ಮುಂದಿನ ತೊಂದರೆಯ ಬೀಜವಾಗಿ ಅಲ್ಲೇ ಉಳಿಯುತ್ತವೆ. ಹುಡುಕುವುದಕ್ಕೆಂದು ಚಾಲೂ ಮಾಡಿದ ಡೀಬಗ್ ಸ್ಥಿತಿಯನ್ನು ಆರಿಸಿ. ಅದು ದೋಷಪುಟದಲ್ಲಿ ಒಳಗಿನ ವಿವರಗಳನ್ನು ಹೊರಗಿನವರಿಗೂ ತೋರಿಸಬಲ್ಲದು.

ಲಾಗಿನ್ ಪುಟ ಬಂದಿತೆಂದು ನಿಲ್ಲಿಸದೆ ಒಂದು ಪೂರ್ಣ ವ್ಯವಹಾರ ಮಾಡಿ ನೋಡಿ: ಬಿಲ್ ಒಂದನ್ನು ಸೃಷ್ಟಿಸಿ, ಫೈಲ್ ಲಗತ್ತಿಸಿ, ಉಳಿಸಿ, ಇನ್ನೊಂದು ಖಾತೆಯಿಂದ ತೆರೆದು, ಇಮೇಲ್ ಹೋಗಿದೆಯೇ ಪರಿಶೀಲಿಸಿ. ಡಿಸ್ಕ್ ಶೇ. 80 ದಾಟಿದಾಗ ಮತ್ತು ಪುಟ ಹೊರಗಿನಿಂದ ತೆರೆಯದಿದ್ದಾಗ ನಿಮಗೆ ಸಂದೇಶ ಬರುವ ಏರ್ಪಾಡು ಮಾಡಿ. ಈ ನಿಗಾ ತಂತ್ರಾಂಶ ಅದೇ ಸರ್ವರ್‌ನಲ್ಲಿ ಇರಬಾರದು. ಕೊನೆಯದಾಗಿ, ಯಾರೂ ಕೆಲಸ ಮಾಡದ ಹೊತ್ತು ನೋಡಿ, ಬ್ಯಾಕಪ್ ಕೈಯಲ್ಲಿಟ್ಟುಕೊಂಡು, ಸರ್ವರನ್ನು ನೀವೇ ಒಮ್ಮೆ ಮರುಪ್ರಾರಂಭಿಸಿ. ಡೇಟಾಬೇಸ್, ಅಪ್ಲಿಕೇಶನ್, ಪ್ರಾಕ್ಸಿ ಮೂರೂ ಯಾರೂ ಕೈಹಾಕದೆ ತಾವಾಗಿ ಎದ್ದು, ನೀವು ಕೊನೆಗೆ ಉಳಿಸಿದ ಬಿಲ್ ಹಾಗೆಯೇ ತೆರೆದುಕೊಂಡರೆ ದುರಸ್ತಿ ಮುಗಿದಿದೆ.